ಬಾಯಿಯ ನೀರು ಹೇಳುವ ಸುದ್ದಿ





ಇವತ್ತು ನಾವು ಬಾಯಿಯೊಳಗಿನ ನೀರಿನ ಬಗ್ಗೆ ಮಾತಾಡೋಣ. ಅದಕ್ಕೆ ನಾವು ಜೊಲ್ಲು ಅಂತೀವಿ. ಉಗುಳು ಅಂತೀವಿ. ಉಂಡ ಗಂಗಾಳಕ್ಕೆ ಹತ್ತಿದರೆ ಎಂಜಲು ಅಂತೀವಿ. ನಗಬ್ಯಾಡ್ರಿ. ಈ ಎಂಜಲಿನ ಹೆದರಿಕೆಯಿಂದ ಎಷ್ಟೋ ಮನೆಗಳಲ್ಲಿ ಒಬ್ಬರ ಗಂಗಾಳ ಬೇರೆಯಾಗಿದೆ. ಉಗುಳಿಗೂ ಕಫಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿಯ ರೋಗ ತಡವಾಗಿ ಸಿಕ್ಕಿದೆ. ಅದಕ್ಕೇ ಈ ಮಾತು.

ಜೊಲ್ಲು ಏನು ಕೆಲಸ ಮಾಡುತ್ತದೆ?

ಒಂದು ತುತ್ತು ಜೋಳದ ರೊಟ್ಟಿ ಬಾಯಿಗೆ ಹಾಕಿರಿ. ಪಲ್ಯ ಬೇಡ, ಚಟ್ನಿ ಬೇಡ. ಸಾವಕಾಶ ಅಗಿಯಿರಿ. ಸ್ವಲ್ಪ ಹೊತ್ತಿಗೆ ರೊಟ್ಟಿ ಸಿಹಿ ಹತ್ತುತ್ತದೆ. ಯಾಕೆ? ಜೊಲ್ಲು ರೊಟ್ಟಿಯ ಹಿಟ್ಟನ್ನು ಒಡೆದು ಸಕ್ಕರೆ ಮಾಡಲು ಸುರು ಮಾಡಿತು. ಅನ್ನ ಕರಗುವ ಕೆಲಸ ಹೊಟ್ಟೆಯಲ್ಲಿ ಅಲ್ಲ, ಬಾಯಿಯಲ್ಲೇ ಸುರುವಾಗುತ್ತದೆ.

ಜೊಲ್ಲು ಎಲ್ಲಿಂದ ಬರುತ್ತದೆ? ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಕೆಳಗೆ ಗ್ರಂಥಿಗಳು ಇವೆ. ಎರಡೂ ಕಡೆ ಸೇರಿ ಆರು ದೊಡ್ಡ ಗ್ರಂಥಿಗಳು. ಸಣ್ಣವು ನೂರಾರು. ಇವು ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಕೊಡುತ್ತವೆ. ಮಂಗನಬಾವು ಬಂದಾಗ ಮಕ್ಕಳ ಗಲ್ಲ ಊದುತ್ತದಲ್ಲ? ಅದು ಕಿವಿಯ ಮುಂದಿನ ಈ ಗ್ರಂಥಿಯೇ ಊದಿದ್ದು.

ಜೊಲ್ಲಿನಲ್ಲಿ 100ಕ್ಕೆ 99 ಪಾಲು ನೀರು. ಉಳಿದ ಒಂದು ಪಾಲಿನಲ್ಲಿಯೇ ಸುದ್ದಿ ಇರುವುದು.

ಬಾಯಿಯ ಕಾವಲು

ಬಾಯಿ ಅಂದರೆ ಊರಬಾಗಿಲು ಇದ್ದ ಹಾಗೆ. ಅನ್ನ ಬರುತ್ತದೆ, ನೀರು ಬರುತ್ತದೆ, ಧೂಳು ಬರುತ್ತದೆ. ಇವುಗಳ ಸಂಗಡ ಕಣ್ಣಿಗೆ ಕಾಣದ ರೋಗಾಣುಗಳೂ ಬರುತ್ತವೆ. ಬಾಗಿಲಿಗೆ ಕಾವಲು ಬೇಕಲ್ಲ? ಆ ಕಾವಲು ಜೊಲ್ಲಿನಲ್ಲಿ ಇದೆ.

ಒಂದು ಕಾವಲಿನ ಹೆಸರು ಲೈಸೋಜೈಮ್. ಇದು ಕೆಲವು ರೋಗಾಣುಗಳ ಗೋಡೆ ಒಡೆಯುತ್ತದೆ. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಇದರ ಬಗ್ಗೆ ಜಗತ್ತಿಗೆ ಹೇಳಿದರು. ಮುಂದೆ ಪೆನಿಸಿಲಿನ್ ಔಷಧಿ ಕಂಡುಹಿಡಿದವರೂ ಅವರೇ. ಲೈಸೋಜೈಮ್ ನಮ್ಮ ಕಣ್ಣೀರಿನಲ್ಲೂ ಇದೆ.

ಇನ್ನೊಂದು ಕಾವಲಿಗೆ ಪ್ರತಿಕಾಯ ಎಂದು ಹೆಸರು. ಒಂದೊಂದು ರೋಗಾಣುವಿಗೆ ಮೈ ಒಂದೊಂದು ಬಗೆಯ ಪ್ರತಿಕಾಯ ತಯಾರಿಸುತ್ತದೆ. ಒಂದು ಕೀಲಿಗೆ ಒಂದೇ ಕೀಲಿಕೈ ಕೂಡುತ್ತದಲ್ಲ, ಹಾಗೆ. ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲಿನಲ್ಲೂ ಇಂಥ ಪ್ರತಿಕಾಯ ತುಂಬ ಇರುತ್ತವೆ. ಅದನ್ನು ಹಿಂಡಿ ಚೆಲ್ಲಬಾರದು ಎಂದು ನರ್ಸಬಾಯಿ ಹೇಳುವುದು ಇದಕ್ಕೇ.

ಗ್ರಂಥಿಗಳ ಸುತ್ತ ರಕ್ತ ಹರಿಯುತ್ತದೆ. ರಕ್ತದಲ್ಲಿರುವ ಕೆಲವು ವಸ್ತುಗಳು ಸೋಸಿಕೊಂಡು ಜೊಲ್ಲಿಗೂ ಬರುತ್ತವೆ. ಒಸಡಿನ ಸಂದಿಯಿಂದಲೂ ಬರುತ್ತವೆ. ಆದ್ದರಿಂದ ಮೈಯೊಳಗಿನ ಸುದ್ದಿ ಬಾಯಿಗೂ ಮುಟ್ಟುತ್ತದೆ.

ಕಾವಲುಗಾರರ ಗುರುತು

ಊರಿಗೆ ಕಳ್ಳ ಬಂದದ್ದು ಹೇಗೆ ಗೊತ್ತಾಗುತ್ತದೆ? ಎರಡು ದಾರಿ. ಒಂದು, ಕಳ್ಳನನ್ನೇ ಹಿಡಿಯುವುದು. ಇನ್ನೊಂದು, ಅವನನ್ನು ಹುಡುಕುತ್ತ ಓಡಾಡುವ ಕಾವಲುಗಾರರನ್ನು ನೋಡಿ ತಿಳಿಯುವುದು. ರೋಗ ಪರೀಕ್ಷೆಯೂ ಹೀಗೇ.

ದಡಾರದ ಮಾತು ತಗೊಳ್ಳಿ. ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಅದು. ಇಂಗ್ಲೆಂಡಿನಲ್ಲಿ 1994ರಿಂದ ಮಗುವಿಗೆ ದಡಾರ ಬಂದ ಸಂಶಯ ಇದ್ದರೆ ಒಸಡಿನ ಮೇಲೆ ಮೆತ್ತನ್ನ ಕಡ್ಡಿ ತಿಕ್ಕಿ ಬಾಯಿಯ ನೀರು ತೆಗೆಯುತ್ತಾರೆ. ಅದರಲ್ಲಿ ದಡಾರದ ಪ್ರತಿಕಾಯ ಇದೆಯೋ ಎಂದು ನೋಡುತ್ತಾರೆ. ಸೂಜಿ ಇಲ್ಲ, ಮಗುವಿನ ಅಳು ಇಲ್ಲ.

2020ರಲ್ಲಿ ಕೊರೊನಾ ಬಂದಾಗ ನಮ್ಮಲ್ಲಿ ಮೂಗು, ಗಂಟಲಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಅದೇ ವರ್ಷ ಅಮೆರಿಕದಲ್ಲಿ ಬರೀ ಜೊಲ್ಲಿನಿಂದ ಕೊರೊನಾ ಪರೀಕ್ಷೆ ಮಾಡಲು ಒಪ್ಪಿಗೆ ಸಿಕ್ಕಿತು. ಅದು ಕಳ್ಳನನ್ನೇ ಹುಡುಕುವ ಪರೀಕ್ಷೆ.

ಎಂಜಲಿನ ಹೆದರಿಕೆ

ಈಗ ಗಂಗಾಳದ ಮಾತಿಗೆ ಬರೋಣ. ನಮ್ಮ ಬಾಗಲಕೋಟೆ ಜಿಲ್ಲೆ ಒಂದು ಕಾಲಕ್ಕೆ ರಾಜ್ಯದಲ್ಲಿ ಎಚ್‌ಐವಿ ಹೆಚ್ಚು ಇದ್ದ ಜಿಲ್ಲೆಗಳಲ್ಲಿ ಒಂದಾಗಿತ್ತು. ಎಷ್ಟೋ ಹೆಣ್ಣುಮಕ್ಕಳು ಗಂಡನನ್ನು ಕಳೆದುಕೊಂಡರು. ಅವರಿಗೆ ಬೇರೆ ಗಂಗಾಳ, ಬೇರೆ ತಂಬಿಗೆ ಇಟ್ಟ ಮನೆಗಳು ಇದ್ದವು. ಮಕ್ಕಳನ್ನು ತಾಯಿಯ ತೊಡೆಯಿಂದ ಎಬ್ಬಿಸಿದ್ದೂ ಇದೆ.

ಜೊಲ್ಲಿನಿಂದ ಎಚ್‌ಐವಿ ಬರುವುದಿಲ್ಲ. ಒಂದೇ ಗಂಗಾಳದಲ್ಲಿ ಉಂಡರೂ ಬರುವುದಿಲ್ಲ. ಮಗುವಿಗೆ ಮುದ್ದು ಕೊಟ್ಟರೂ ಬರುವುದಿಲ್ಲ.

ಆದರೆ ಎಚ್‌ಐವಿ ಇದ್ದವರ ಬಾಯಿಯ ನೀರಿನಲ್ಲಿ ಅದರ ಪ್ರತಿಕಾಯ ಸಿಗುತ್ತದೆ. ಒಸಡಿಗೆ ಕಡ್ಡಿ ತಿಕ್ಕಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಲು ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಕೊಟ್ಟರು. "ಅಲ್ರೀ, ಜೊಲ್ಲಿನಾಗ ಸಿಗತೈತಿ ಅಂದ್ರ ಜೊಲ್ಲಿನಿಂದ ಹರಡಬೇಕಲ್ಲ?" ಎಂದು ನೀವು ಕೇಳಬಹುದು. ಇಲ್ಲ. ಸಿಗುವುದು ಕಾವಲುಗಾರ, ಕಳ್ಳನಲ್ಲ. ಕಾವಲುಗಾರನಿಂದ ರೋಗ ಹರಡುವುದಿಲ್ಲ.

ಸೋಂಕು ತಗುಲಿದ ಕೂಡಲೇ ಪ್ರತಿಕಾಯ ಕಾಣುವುದಿಲ್ಲ. ಮೂರು ತಿಂಗಳವರೆಗೆ ಹಿಡಿಯಬಹುದು. ಅದಕ್ಕೇ ಮತ್ತೊಮ್ಮೆ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳುತ್ತಾರೆ. ನಮ್ಮ ಸರಕಾರಿ ದವಾಖಾನೆಗಳಲ್ಲಿ ರಕ್ತದ ಪರೀಕ್ಷೆ ಮಾಡುತ್ತಾರೆ. ಅದು ಪುಕ್ಕಟೆ. ಗುಟ್ಟಾಗಿಯೂ ಇಡುತ್ತಾರೆ. 2004ರಿಂದ ಸರಕಾರ ಗುಳಿಗೆಯನ್ನೂ ಪುಕ್ಕಟೆ ಕೊಡುತ್ತಿದೆ. ಗುಳಿಗೆ ತಪ್ಪಿಸದೆ ತಗೊಂಡವರು ದುಡಿದು ಉಂಡು ಬಹಳ ವರ್ಷ ಬಾಳುತ್ತಾರೆ.

ಹಾಗಾದರೆ ಜೊಲ್ಲಿನಿಂದ ಯಾವ ರೋಗವೂ ಬರುವುದಿಲ್ಲವೇ? ಬರುತ್ತವೆ. ನೆಗಡಿ, ಕೊರೊನಾ, ಮಂಗನಬಾವು ಬರುತ್ತವೆ. ಹುಚ್ಚುನಾಯಿಯ ಜೊಲ್ಲಿನಿಂದ ಪ್ರಾಣವೇ ಹೋಗುತ್ತದೆ. ನಾಯಿ ಕಚ್ಚಿದರೆ ಗಾಯಕ್ಕೆ ಅರಿಷಿಣ, ಸುಣ್ಣ, ಖಾರ ಹಚ್ಚಬ್ಯಾಡ್ರಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ದವಾಖಾನೆಗೆ ಹೋಗಿರಿ. ಹೇಳಿದಷ್ಟು ಇಂಜೆಕ್ಷನ್ ಪೂರಾ ಮಾಡಿಸಿರಿ.

ಉಗುಳು ಬೇರೆ, ಕಫ ಬೇರೆ

ರಬಕವಿ-ಬನಹಟ್ಟಿಯಲ್ಲಿ ಮನೆಮನೆಯಲ್ಲಿ ಮಗ್ಗದ ಸದ್ದು. ಕೆಮ್ಮು ಬಂದರೆ "ನೂಲಿನ ಧೂಳ ರೀ" ಅಂತೀವಿ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವಾಗ ಕೆಮ್ಮು ಬಂದರೆ "ರವದಿ ಧೂಳ" ಅಂತೀವಿ. ಬೀಳಗಿ ಕಡೆ ಒಲೆಯ ಹೊಗೆ ಅಂತೀವಿ. ಧೂಳಿನಿಂದ, ಹೊಗೆಯಿಂದ ಕೆಮ್ಮು ಬರುವುದು ಖರೆ. ಆದರೆ ಎರಡು ವಾರ ದಾಟಿದ ಕೆಮ್ಮು ಟಿ.ಬಿ. ಇರಬಹುದು. ಸಂಜೆ ಜ್ವರ ಬಂದರೆ, ಮೈ ಇಳಿದರೆ, ಕಫದಲ್ಲಿ ರಕ್ತ ಕಂಡರೆ ಇನ್ನೂ ತಡ ಮಾಡಬಾರದು.

ಟಿ.ಬಿ. ರೋಗಾಣುವನ್ನು 1882ರಲ್ಲಿ ರಾಬರ್ಟ್ ಕಾಕ್ ಎಂಬ ವಿಜ್ಞಾನಿ ತೋರಿಸಿದರು. ನಮ್ಮ ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸುರುವಾಯಿತು. ಕೆಮ್ಮು ಇದ್ದವರ ಕಫ ಪರೀಕ್ಷೆ ಮಾಡಿ ಹಳ್ಳಿಯಲ್ಲೇ ರೋಗ ಹಿಡಿಯುವ ದಾರಿಯನ್ನು ಅಲ್ಲಿನವರು ದೇಶಕ್ಕೆ ಹಾಕಿಕೊಟ್ಟರು. ಟ್ರೂನ್ಯಾಟ್ ಎಂಬ ಯಂತ್ರವನ್ನೂ ಬೆಂಗಳೂರಿನ ವಿಜ್ಞಾನಿಗಳು ಬೆಳೆಸಿದರು. ಇದು ಕಫದಲ್ಲಿ ರೋಗಾಣುವಿನ ಗುರುತನ್ನು ಒಂದೆರಡು ತಾಸಿನಲ್ಲಿ ಹುಡುಕುತ್ತದೆ.

ಯಂತ್ರ ಎಷ್ಟೇ ಚಲೋ ಇರಲಿ, ಡಬ್ಬಿಯಲ್ಲಿ ಕಫ ಇರಬೇಕು. ನಾವು ಹೆಣ್ಣುಮಕ್ಕಳು ನಾಚಿಕೊಂಡು ಜೋರಾಗಿ ಕೆಮ್ಮುವುದಿಲ್ಲ. ಸೆರಗು ಮರೆ ಮಾಡಿ ಸ್ವಲ್ಪ ಉಗುಳು ಹಾಕಿ ಕೊಡುತ್ತೇವೆ. ಉಗುಳು ಬಾಯಿಯದು. ಕಫ ಎದೆಯ ಆಳದ್ದು. ಟಿ.ಬಿ. ಇರುವುದು ಎದೆಯಲ್ಲಿ. ಉಗುಳು ಕೊಟ್ಟರೆ ರೋಗ ಇದ್ದರೂ "ಇಲ್ಲ" ಎಂದು ಚೀಟಿ ಬರಬಹುದು. ರೋಗ ಒಳಗೇ ಬೆಳೆಯುತ್ತದೆ. ಮಕ್ಕಳಿಗೂ ಹರಡುತ್ತದೆ.

ಕಫ ಹೇಗೆ ಕೊಡಬೇಕು?

ಬರೀ ನೀರಿನಿಂದ ಬಾಯಿ ಮುಕ್ಕಳಿಸಿರಿ. ಮಂದಿಯಿಂದ ದೂರ, ಬಯಲಿಗೆ ಹೋಗಿ ನಿಲ್ಲಿರಿ. ಎರಡು ಮೂರು ಸಲ ಆಳವಾಗಿ ಉಸಿರು ಎಳೆದುಕೊಳ್ಳಿರಿ. ಎದೆಯಿಂದ ಜೋರಾಗಿ ಕೆಮ್ಮಿರಿ. ಬಂದ ಕಫವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿರಿ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಬಹಳ ಚಲೋ.

ಟಿ.ಬಿ. ಹರಡುವುದು ಕೆಮ್ಮಿದ ಗಾಳಿಯಿಂದ, ಎಂಜಲು ಗಂಗಾಳದಿಂದ ಅಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು. ಮನೆಯ ಕಿಟಕಿ ತೆರೆದಿರಬೇಕು. ಸಾಮಾನ್ಯ ಟಿ.ಬಿ. ಆರು ತಿಂಗಳ ಗುಳಿಗೆಗೆ ವಾಸಿಯಾಗುತ್ತದೆ. ಗುಳಿಗೆ ಪುಕ್ಕಟೆ. ರೋಗಿಯ ಊಟಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿ ಮಾಡಿದೆ. ಹಣ ಬ್ಯಾಂಕಿನ ಖಾತೆಗೆ ಬರುತ್ತದೆ. ಆ ಹಣದ ಮೊಟ್ಟೆ, ಹಾಲು, ಬೇಳೆ ಯಾರಿಗೆ ರೋಗ ಇದೆಯೋ ಅವರ ಹೊಟ್ಟೆಗೇ ಹೋಗಬೇಕು.

ಒಸಡಿನ ಬಾವು

ಕಾಲಿಗೆ ಮುಳ್ಳು ಚುಚ್ಚಿದರೆ ಏನಾಗುತ್ತದೆ? ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಮೈಯ ಕಾವಲು ಅಲ್ಲಿ ಹೋರಾಡುತ್ತಿದೆ ಎಂದು ಅರ್ಥ. ಹಲ್ಲಿನ ಬುಡದಲ್ಲಿ ಕೊಳೆ ಕೂತರೆ ಒಸಡಿನಲ್ಲೂ ಇದೇ ಹೋರಾಟ. ಆಗ ಜೊಲ್ಲಿನಲ್ಲಿ ಬಾವಿನ ವಸ್ತುಗಳು ಹೆಚ್ಚುತ್ತವೆ. ವಿಜ್ಞಾನಿಗಳು ಅವನ್ನು ಅಳೆಯುತ್ತಾರೆ. ನಮಗೆ ಕಾಣುವ ಗುರುತು, ಹಲ್ಲು ತಿಕ್ಕುವಾಗ ಬರುವ ರಕ್ತ.

ಬಸುರಿಯರಿಗೆ ಒಸಡು ಬೇಗ ಊದುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬಾಯಿ ಒಣಗುತ್ತದೆ, ಒಸಡು ಹಾಳಾಗುತ್ತದೆ. ಒಸಡು ಹಾಳಾದರೆ ಸಕ್ಕರೆಯೂ ಹತೋಟಿಗೆ ಬರುವುದಿಲ್ಲ. ಹಲ್ಲು ನೋವಿಗೆಂದು ಮಿಶ್ರಿ, ತಂಬಾಕು ತಿಕ್ಕುವವರು ನಮ್ಮಲ್ಲಿ ಇದ್ದಾರೆ. ಅದು ಔಷಧಿ ಅಲ್ಲ, ವಿಷ. ಬಾಯಿಯಲ್ಲಿ ಬಿಳಿ ಮಚ್ಚೆ, ಕೆಂಪು ಮಚ್ಚೆ ಅಥವಾ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಡಾಕ್ಟರಿಗೆ ತೋರಿಸಿರಿ.

ನೆನಪಿಡೋಣ

1. ಜೊಲ್ಲಿನಲ್ಲಿ ಮೈಯ ಕಾವಲು ಇದೆ.
2. ಎಚ್‌ಐವಿ ಎಂಜಲಿನಿಂದ ಬರುವುದಿಲ್ಲ. ಯಾರ ಗಂಗಾಳವನ್ನೂ ಬೇರೆ ಇಡುವುದು ಬೇಡ.
3. ಎರಡು ವಾರ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸೋಣ. ಉಗುಳು ಅಲ್ಲ, ಕಫ ಕೊಡೋಣ.
4. ಒಸಡಿನಿಂದ ರಕ್ತ ಬಂದರೆ ಸುಮ್ಮನಿರುವುದು ಬೇಡ.

ಗುಂಪಿನಲ್ಲಿ ಮಾತಾಡೋಣ

ನಮ್ಮ ಓಣಿಯಲ್ಲಿ ಬಹಳ ದಿನದಿಂದ ಕೆಮ್ಮುವವರು ಯಾರಾದರೂ ಇದ್ದಾರೆಯೇ? ಅವರ ಸಂಗಡ ದವಾಖಾನೆಗೆ ಯಾರು ಹೋಗೋಣ?

ಕಡೆಯದಾಗಿ ಒಂದು ಮಾತು. ಕಫದ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸುತ್ತಾರೆ. ಅದರ ಮೇಲೆ ಹೆಸರು ಬರೆಯುತ್ತಾರೆ. ಡಬ್ಬಿ ಕೊಡುವ ಮೊದಲು ಆ ಹೆಸರು ಓದಿರಿ. ನಿಮ್ಮದೇ ಹೆಸರು ಇದೆಯೋ ನೋಡಿರಿ. ತಪ್ಪಿದ್ದರೆ "ಇದು ನನ್ನ ಹೆಸರಲ್ರೀ, ತಿದ್ದರಿ" ಎಂದು ಹೇಳಿರಿ. ಈಗ ನಮಗೆ ಓದಲು ಬರುತ್ತದೆ.