ಕಂದಾಯ ಕೊಟ್ಟವನಿಗೆ ಮಾತು ಬೇಡವೇ?

(ನಂಜನಗೂಡು, ತಿರುಮಕೂಡಲು ನರಸೀಪುರದ ಸಭೆಗಳಲ್ಲಿ ಮಾಡಿದ ಭಾಷಣ)



ನಾನು ಮೇಷ್ಟರಾಗಿದ್ದಾಗ ಅಮೆರಿಕದ ಬೋಸ್ಟನ್ ಬಂದರಿನ ಕಥೆ ಹೇಳಿದರೆ ಹುಡುಗರಿಗೆ ನಗು. 1773ರ ಡಿಸೆಂಬರಿನ ಒಂದು ರಾತ್ರಿ 342 ಪೆಟ್ಟಿಗೆ ಚಹವನ್ನು ಸಮುದ್ರಕ್ಕೆ ಸುರಿದರೆಂದರೆ ಯಾರಿಗೆ ತಾನೇ ನಗು ಬಾರದು! ಆದರೆ ಆ ಚಹ ದುಬಾರಿಯಾಗಿರಲಿಲ್ಲ, ಮೊದಲಿಗಿಂತ ಅಗ್ಗವಾಗಿತ್ತು. ಜಗಳ ಬೆಲೆಯದಲ್ಲ. ತಮ್ಮವನೊಬ್ಬನೂ ಇಲ್ಲದ ಲಂಡನ್ನಿನ ಪಾರ್ಲಿಮೆಂಟು ತಮ್ಮ ಮೇಲೆ ತೆರಿಗೆ ಹಾಕಲು ಯಾರು ಎಂದು ಆ ಜನ ಕೇಳಿದರು. 1765ರ ಸ್ಟಾಂಪ್ ಕಾಯಿದೆ ಮರುವರ್ಷವೇ ರದ್ದಾಯಿತು. ತೆರಿಗೆ ಹಾಕುವ ಹಕ್ಕನ್ನು ಮಾತ್ರ ಪಾರ್ಲಿಮೆಂಟು ಬಿಡಲಿಲ್ಲ. ಅರ್ಜಿ ಬರೆದು ಬೇಸತ್ತು 1776ರಲ್ಲಿ ಸ್ವಾತಂತ್ರ್ಯ ಸಾರಿದರು.

ಆ ಚಹ ಯಾರದು ಬಲ್ಲಿರಾ? ಈಸ್ಟ್ ಇಂಡಿಯಾ ಕಂಪನಿಯದು. 1781ರಲ್ಲಿ ಅಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನು. 1799ರ ಒಪ್ಪಂದದಂತೆ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಾಯಿತು. 1896ರಿಂದ ಅದು 35 ಲಕ್ಷ ರೂಪಾಯಿಗೆ ಏರಿತು. ನಮ್ಮ ಈ ಎರಡು ತಾಲ್ಲೂಕಿನ ಹೊಲಗದ್ದೆಯ ಹಣವೂ ಅದರಲ್ಲಿತ್ತಲ್ಲವೇ? ಕೊಟ್ಟವರನ್ನು ಕೇಳಿದವರುಂಟೇ?

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಒಳ್ಳೆಯ ಕೆಲಸ, ಇಲ್ಲವೆನ್ನಲಾರೆ. ಮೊದಲ ಸಭೆಗೆ 144 ಮಂದಿ, ಜಮೀನುಳ್ಳವರು, ವರ್ತಕರು. ದಸರೆಗೆ ಮೈಸೂರಿಗೆ ಹೋಗಿ ಸರ್ಕಾರದ ವರದಿ ಕೇಳಿ, ಊರಿನ ಕಷ್ಟ ಹೇಳಿಕೊಂಡು ಹಿಂತಿರುಗುವುದು. 1923ರಲ್ಲಿ ಹೊಸ ತೆರಿಗೆಗೆ ಮುಂಚೆ ಸಭೆಯ ಅಭಿಪ್ರಾಯ ಕೇಳಬೇಕೆಂದಾಯಿತು. ಕೇಳಿದರಾಯಿತು, ನಡೆಸಲೇಬೇಕೆಂದಿಲ್ಲ! ಖಜಾನೆಯ ಬೀಗದಕೈ ದಿವಾನರ ಬಳಿಯೇ.

1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಬ್ರಿಟಿಷ್ ಬಾವುಟ ಇಳಿಯಿತು, ಮೈಸೂರಿನಲ್ಲಿ ದಿವಾನಗಿರಿ ಇಳಿಯಲಿಲ್ಲ. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ನಡೆಯಿತು. ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮೈಸೂರಿನಲ್ಲಿ ಆತನ ಹೆಸರಿನ ವೃತ್ತ ದಾಟುವಾಗ ನಮ್ಮಲ್ಲೆಷ್ಟು ಮಂದಿ ತಲೆ ಎತ್ತಿ ನೋಡುತ್ತೇವೆ? ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಇನ್ನೊಂದು ಮಾತು ಉಳಿದಿದೆ. ಎಲ್ಲರೂ ಸಮಾನರೆಂದು ಸಾರಿದ ಅಮೆರಿಕದಲ್ಲಿ ಗುಲಾಮಗಿರಿ 1865ರವರೆಗೆ ನಡೆಯಿತು. ನಮ್ಮಲ್ಲಿ ಉತ್ತು ಬಿತ್ತಿದವನು ಜೀತದಾಳು, ಕಂದಾಯದ ರಸೀತಿ ಒಡೆಯನ ಹೆಸರಿಗೆ, ಸಭೆಯ ಓಟೂ ಒಡೆಯನದೇ. ಆಳಿನ ಕೈಗೆ ಓಟು ಬಂದದ್ದು 1952ರ ಚುನಾವಣೆಗೆ. ಓಟು ಹಾಕಿ ಮನೆಗೆ ಹೋಗಿ ಮಲಗಿದರೆ ಬೀಗದಕೈ ಮತ್ತೆ ಇನ್ನೊಬ್ಬರ ಸೊಂಟಕ್ಕೇ. ಮುಂದಿನ ಗ್ರಾಮಸಭೆಗೆ ಕೇರಿಯವರೆಲ್ಲ ಬನ್ನಿ. ಪಂಚಾಯಿತಿಯ ಜಮಾಖರ್ಚನ್ನು ಗಟ್ಟಿಯಾಗಿ ಓದಿಸೋಣ. ಓದಲು ಬಾರದವರು ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ.