‘ಅದನ್ನ ಬರೆದು ಕೊಡ್ತೀರಾ?’: ಒಂದು ಚೈನು, ಒಂದು ಠಾಣೆ, ನಾನು ತಡವಾಗಿ ಕಲಿತ ಕಾನೂನು

 

ನಾನು ವಕೀಲ ಅಲ್ಲ, ಪೊಲೀಸೂ ಅಲ್ಲ. ಹುಬ್ಬಳ್ಳಿಯವನು, ಎಂಟೆಕ್ ಮುಗಿಸಿ ಹತ್ತು ವರ್ಷದಿಂದ ಪುಣೆಯಲ್ಲಿ ಬ್ಯಾಕೆಂಡ್ ಕೋಡ್ ಬರೆಯೋನು. ಪೊಲೀಸ್ ತರಬೇತಿ, ಆರೋಪಿಯ ಹಕ್ಕು, ಇವುಗಳ ಬಗ್ಗೆ ಮಾತಾಡೋಕೆ ಇವನ್ಯಾರು ಅಂತ ನೀವು ಕೇಳಬಹುದು. ಉತ್ತರ ಸ್ವಲ್ಪ ನಾಚಿಕೆಯದ್ದು. ಅಲ್ಲಿಂದಲೇ ಶುರು ಮಾಡ್ತೀನಿ.

2023ರ ದೀಪಾವಳಿಗೆ ಊರಿಗೆ ಹೋಗಿ ವಾಪಸ್ ಬಂದ್ವಿ. ಮೂರನೇ ದಿನ ನನ್ನ ಹೆಂಡತಿಯ ಚಿನ್ನದ ಚೈನು ಕಾಣಲಿಲ್ಲ. ಮದುವೆಯಲ್ಲಿ ಅವರಮ್ಮ ಹಾಕಿದ್ದು. ಕಪಾಟು, ಹಾಸಿಗೆ, ಅಕ್ಕಿ ಡಬ್ಬ ಎಲ್ಲ ಹುಡುಕಿದ್ವಿ. ಆಮೇಲೆ ನನ್ನ ತಲೆ ‘ಮನೆಗೆ ಯಾರು ಬಂದಿದ್ರು’ ಅಂತ ಪಟ್ಟಿ ಮಾಡ್ತು. ಆ ಪಟ್ಟಿಯಲ್ಲಿ ನಮ್ಮ ಸ್ನೇಹಿತರಿದ್ರು, ಎಸಿ ರಿಪೇರಿಯವನಿದ್ದ, ನೀರಿನ ಕ್ಯಾನ್ ಹಾಕೋ ಹುಡುಗ ಇದ್ದ. ನನ್ನ ಬೆರಳು ನಿಂತಿದ್ದು ನೀರಿನ ಹುಡುಗನ ಮೇಲೆ.

ಹುಡುಗ ಯಾದಗಿರಿ ಕಡೆಯವನು, ಹತ್ತೊಂಬತ್ತು ವರ್ಷ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಅಂತ ಪುಣೆಗೆ ಬಂದವರು. ನಮ್ಮ ಮನೇಲಿ ಕನ್ನಡ ಕೇಳಿ ಮೊದಲ ದಿನವೇ ‘ಅಣ್ಣಾರ’ ಅಂತ ಕರೆದಿದ್ದ. ಅವನೂ ವಲಸೆ ಬಂದವನೇ, ನಾನೂ ವಲಸೆ ಬಂದವನೇ. ನನ್ನ ಹತ್ರ ಲ್ಯಾಪ್‌ಟಾಪ್ ಇತ್ತು, ಅವನ ಹೆಗಲ ಮೇಲೆ ಕ್ಯಾನ್ ಇತ್ತು.

ಠಾಣೆಗೆ ಹೋದೆ. ಚಿಕ್ಕ ವಯಸ್ಸಿನ ಪಿಎಸ್‌ಐ, ಹೆಣ್ಣುಮಗಳು, ದೂರು ಬರ್ಕೊಳ್ತಾ ಇದ್ರು. ಎಲ್ಲ ಹೇಳಿ ಕೊನೆಗೆ ನಾನು ನನ್ನ ಅರೆಬರೆ ಮರಾಠಿಯಲ್ಲಿ ಒಂದು ಮಾತು ಸೇರಿಸಿದೆ: “ಮ್ಯಾಡಮ್, ಕರೆಸಿ ಎರಡು ಬಿಟ್ರೆ ಬಾಯಿ ಬಿಡ್ತಾನೆ.”

ಅವರು ಪೆನ್ನು ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಮರಾಠಿಯಲ್ಲಿ ಕೇಳಿದರು: “ಅದನ್ನ ಬರೆದು ಕೊಡ್ತೀರಾ? ಇಲ್ಲೇ, ದೂರಿನ ಕೆಳಗೆ. ಸಹಿ ಹಾಕಿ, ತಾರೀಖು ಹಾಕಿ.”

ನಾನು ಸುಮ್ಮನಾದೆ.

“ನೀವು ಹೇಳಿ ಮನೆಗೆ ಹೋಗ್ತೀರಿ ಸರ್. ಕೋರ್ಟಲ್ಲಿ ನಿಲ್ಲೋದು ನಾನು.”

ಅವತ್ತು ಅವಮಾನ ಆಯ್ತು. ಪೊಲೀಸರು ಕೆಲಸ ಮಾಡೋದೇ ಇಲ್ಲ ಅಂತ ಮನೆಗೆ ಬಂದು ಬೈದೆ. ಆ ಮಾತಿನ ಹಿಂದೆ ಎಷ್ಟು ಕಾನೂನಿತ್ತು ಅಂತ ಗೊತ್ತಾಗಿದ್ದು ಆಮೇಲೆ, ಓದೋಕೆ ಕೂತಾಗ.

ಮೊದಲು ಅವರ ಹೊಣೆ ಏನು ನೋಡೋಣ. ತಪ್ಪೊಪ್ಪಿಗೆಗಾಗಿ ಅಥವಾ ಮಾಹಿತಿಗಾಗಿ ಹೊಡೆಯೋದು ಅಪರಾಧ. 1860ರ ಭಾರತೀಯ ದಂಡ ಸಂಹಿತೆಯ 330ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ. ಏಳು ವರ್ಷದವರೆಗೆ ಸಜೆ. ಗಾಯ ತೀವ್ರವಾಗಿದ್ರೆ ಹತ್ತು ವರ್ಷದವರೆಗೆ. ಆ ಕಲಮಿನ ಕೆಳಗೆ ಉದಾಹರಣೆಗಳಿವೆ. ಒಂದರಲ್ಲಿ ಪೊಲೀಸ್ ಅಧಿಕಾರಿಯೊಬ್ಬ ತಪ್ಪೊಪ್ಪಿಸೋಕೆ ಹಿಂಸೆ ಕೊಡ್ತಾನೆ. ಇನ್ನೊಂದರಲ್ಲಿ ಕದ್ದ ಮಾಲು ಎಲ್ಲಿದೆ ಅಂತ ತೋರಿಸೋಕೆ ಹಿಂಸೆ ಕೊಡ್ತಾನೆ. ನೂರಾ ಅರವತ್ತು ವರ್ಷಕ್ಕೂ ಹಿಂದೆ ಕಾನೂನು ಬರೆದವರು ನನ್ನ ಚೈನಿನ ಕೇಸನ್ನೇ ಉದಾಹರಣೆಯಾಗಿ ಬರೆದಿಟ್ಟಿದ್ರು! ಇನ್ನೊಂದು ವಿಷಯ: ಅಪರಾಧ ಮಾಡು ಅಂತ ಪ್ರಚೋದನೆ ಕೊಡೋನು ಕಾನೂನಿನ ಕಣ್ಣಲ್ಲಿ ಕುಮ್ಮಕ್ಕು ಕೊಟ್ಟವನು. ಅಂದ್ರೆ ಆ ಕಾಗದದ ಕೆಳಗೆ ನನ್ನ ಸಹಿ ಬಿದ್ದಿದ್ರೆ ಮುಂದೆ ಆರೋಪಿ ನಾನೂ ಆಗಬಹುದಿತ್ತು.

‘ಎರಡು ಏಟು’ ಅಂತ ಸಲೀಸಾಗಿ ಹೇಳ್ತೀವಿ. ಒಡಿಶಾದ ನೀಲಾಬತಿ ಬೆಹೆರಾ ಪ್ರಕರಣ ಓದಿ. 1987ರ ಡಿಸೆಂಬರ್, ಕಳ್ಳತನದ ತನಿಖೆ ಅಂತ 22 ವರ್ಷದ ಅವರ ಮಗನನ್ನ ಪೊಲೀಸರು ಕರ್ಕೊಂಡು ಹೋದ್ರು. ಮರುದಿನ ಹೆಣ ರೈಲು ಹಳಿಯ ಮೇಲೆ ಸಿಕ್ತು, ಮೈಮೇಲೆ ಗಾಯಗಳು. ಆ ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದ್ರು. ಕೋರ್ಟು ಅದನ್ನೇ ಅರ್ಜಿ ಅಂತ ತಗೊಂಡು, 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸ್ತು. ಮೂಲಭೂತ ಹಕ್ಕಿನ ಉಲ್ಲಂಘನೆಯಲ್ಲಿ ‘ನಾವು ಸರ್ಕಾರ, ನಮಗೆ ವಿನಾಯಿತಿ ಇದೆ’ ಅನ್ನೋ ವಾದ ನಡೆಯಲ್ಲ ಅಂತ ಹೇಳ್ತು. ಅದೂ ಶುರುವಾಗಿದ್ದು ಒಂದು ಕಳ್ಳತನದ ಅನುಮಾನದಿಂದ.

ಆಮೇಲೆ ಬಂದಿದ್ದು ಡಿ.ಕೆ. ಬಸು ತೀರ್ಪು, 1996ರ ಡಿಸೆಂಬರ್ 18. ಅದೂ 1986ರಲ್ಲಿ ಬರೆದ ಒಂದು ಪತ್ರದಿಂದಲೇ ಶುರುವಾಗಿದ್ದು. ಅದರಲ್ಲಿ ಹನ್ನೊಂದು ನಿರ್ದೇಶನಗಳಿವೆ. ನಮ್ಮ ಕಣ್ಣಲ್ಲಿ ನೋಡಿದ್ರೆ ಅದೊಂದು ಲಾಗಿಂಗ್ ಸ್ಪೆಸಿಫಿಕೇಶನ್. ಬಂಧಿಸೋ ಅಧಿಕಾರಿಯ ಎದೆ ಮೇಲೆ ಹೆಸರಿನ ಪಟ್ಟಿ ಇರಬೇಕು: ಯಾರು ಮಾಡಿದ್ರು ಅನ್ನೋದಕ್ಕೆ ಐಡಿ. ಅರೆಸ್ಟ್ ಮೆಮೊದಲ್ಲಿ ದಿನಾಂಕ, ಸಮಯ: ಟೈಮ್‌ಸ್ಟ್ಯಾಂಪ್. ಅದಕ್ಕೆ ಮನೆಯವರದ್ದೋ ಊರಿನ ಗೌರವಸ್ಥರದ್ದೋ ಸಾಕ್ಷಿ ಸಹಿ: ರಿವ್ಯೂಯರ್. ಬಂಧಿತ ಕೇಳಿದ್ರೆ ಮೈಮೇಲಿನ ಗಾಯಗಳನ್ನ ಆಗಲೇ ನೋಡಿ ಬರೆದಿಡಬೇಕು. ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ. ವಿಚಾರಣೆ ವೇಳೆ ಪೂರ್ತಿ ಅಲ್ಲದಿದ್ರೂ ವಕೀಲರನ್ನ ಕಾಣೋ ಅವಕಾಶ. ಎಲ್ಲ ಕಾಗದದ ಪ್ರತಿ ಮ್ಯಾಜಿಸ್ಟ್ರೇಟರಿಗೆ.

ನಾಲ್ಕನೇ ನಿರ್ದೇಶನ ನಮ್ಮಂಥವರಿಗಾಗಿಯೇ ಇದೆ. ಬಂಧಿತನ ಮನೆಯವರು ಬೇರೆ ಜಿಲ್ಲೆಯಲ್ಲಿದ್ರೆ ಅಲ್ಲಿಗೆ 8ರಿಂದ 12 ಗಂಟೆಯೊಳಗೆ ತಂತಿ ಮೂಲಕ ಸುದ್ದಿ ಮುಟ್ಟಿಸಬೇಕು. ಟೆಲಿಗ್ರಾಂ ಸೇವೆ 2013ರಲ್ಲಿ ನಿಂತೇ ಹೋಯ್ತು, ಆದ್ರೆ ಅದರ ಹಿಂದಿನ ಹಕ್ಕು ನಿಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಬಂಧನದ ಸುದ್ದಿಯನ್ನ ಬಂಧಿತ ಹೇಳಿದ ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಲೇಬೇಕು.

ಮತ್ತೊಂದು ಮುಖ್ಯ ತೀರ್ಪು 2014ರ ಅರ್ನೇಶ್ ಕುಮಾರ್ ಪ್ರಕರಣದ್ದು. ಏಳು ವರ್ಷದವರೆಗೆ ಶಿಕ್ಷೆ ಇರೋ ಅಪರಾಧಗಳಲ್ಲಿ ಕೇಸಾಯ್ತು ಅಂತ ತಾನಾಗಿಯೇ ಬಂಧಿಸೋ ಹಾಗಿಲ್ಲ. ಬಂಧನ ಯಾಕೆ ಬೇಕು ಅಂತ ಕಾರಣ ಬರೀಬೇಕು. ಬೇಡ ಅಂದ್ರೆ ನೋಟಿಸ್ ಕೊಟ್ಟು ಕರೆಸಬೇಕು. ಪಾಲಿಸದ ಅಧಿಕಾರಿಗೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆಯ ಹೊಣೆಯೂ ಬರುತ್ತೆ. ಮನೆಗಳ್ಳತನ ಈ ಮಿತಿಯೊಳಗೇ ಬರುತ್ತೆ. ಆ ಪಿಎಸ್‌ಐ ‘ಕೋರ್ಟಲ್ಲಿ ನಿಲ್ಲೋದು ನಾನು’ ಅಂದಿದ್ದು ಸುಮ್ಮನೆ ಅಲ್ಲ.

ಇದನ್ನೆಲ್ಲ ಓದಿ ನನ್ನ ಭಾವನಿಗೆ ಫೋನ್ ಮಾಡಿದೆ. ಭಾವ ಕರ್ನಾಟಕ ಪೊಲೀಸಿನಲ್ಲಿದ್ದಾರೆ, ಕೆಲ ವರ್ಷ ತರಬೇತಿ ಶಾಲೆಯಲ್ಲಿ ಪಾಠವನ್ನೂ ಮಾಡಿದ್ದಾರೆ. ಪೊಲೀಸ್ ತರಬೇತಿಯಲ್ಲಿ ಎರಡು ಭಾಗ: ಔಟ್‌ಡೋರ್ ಅಂದ್ರೆ ಪರೇಡು, ಕವಾಯತು, ಫೈರಿಂಗು. ಇನ್‌ಡೋರ್ ಅಂದ್ರೆ ಕಾನೂನಿನ ಕ್ಲಾಸು. “ನಿಮ್ಮ ಕ್ಲಾಸಲ್ಲಿ ಇದನ್ನೆಲ್ಲ ಹೇಳಿಕೊಡ್ತೀರಾ?” ಅಂತ ಕೇಳಿದೆ.

ಭಾವ ನಕ್ಕರು. “ಕಲಸ್ತೀವಿ ತಮ್ಮಾ. ಬೋರ್ಡ್ ಮ್ಯಾಲ ‘ಆರೋಪಿಯ ಹಕ್ಕು’ ಅಂತ ಬರದ್ರ ಅರ್ಧ ಮಂದಿ ತೂಕಡಸ್ತಾರ. ನಸುಕಿನ್ಯಾಗ ಎದ್ದು ಪರೇಡ್ ಮಾಡಿ ಬಂದಿರ್ತಾವ ಹುಡುಗ್ರು, ಏನ್ ಮಾಡ್ತಾವ. ಅದ ಬೋರ್ಡ್ ಮ್ಯಾಲ ‘ಸಸ್ಪೆಂಡ್’ ಅಂತ ಬರಿ, ಎಲ್ಲಾರೂ ನೆಟ್ಟಗ ಕೂಡ್ತಾರ.”

ನಾನಂದೆ, ಹಾಗಾದ್ರೆ ಹೊಣೆಗಾರಿಕೆ ಕಲಿಸಿದ್ರೆ ಸಾಕು, ಹಕ್ಕು ತಾನಾಗೇ ಉಳಿಯುತ್ತೆ ಅಲ್ವಾ?

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ರು: “ಬರೇ ಅಂಜಿಕಿ ಕಲಿಸಿದ್ರ ‘ಹೊಡೀಬಾರ್ದು’ ಅಂತ ಕಲಿಯಂಗಿಲ್ಲ ತಮ್ಮಾ. ‘ಬರೀಬಾರ್ದು’ ಅಂತ ಕಲೀತಾರ.”

ಈ ಮಾತು ನಮಗೆ, ಐಟಿಯವರಿಗೆ, ಬೇಗ ಅರ್ಥ ಆಗುತ್ತೆ. ತಪ್ಪಾದಾಗ ಯಾರ ತಲೆ ತೆಗೀಬೇಕು ಅಂತಷ್ಟೇ ನೋಡೋ ಟೀಮಿನಲ್ಲಿ ಏನಾಗುತ್ತೆ? ಲಾಗ್ ಕಮ್ಮಿ ಆಗುತ್ತೆ, ತಪ್ಪು ಕಮ್ಮಿ ಆಗಲ್ಲ. ಠಾಣೆಯಲ್ಲೂ ಹಾಗೇ. ಬಂಧನ ಆಗಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತೆ. ಆದ್ರೆ ಆ ಗಡಿಯಾರದ ಸ್ಟಾರ್ಟ್ ಬಟನ್ ಇರೋದು ಯಾರ ಕೈಯಲ್ಲಿ? ಮೆಮೊ ಬರೆಯೋರ ಕೈಯಲ್ಲೇ. ‘ಸುಮ್ನೆ ವಿಚಾರಣೆಗೆ ಕರೆದಿದ್ವಿ’ ಅನ್ನೋ ಹೆಸರಲ್ಲಿ ಬೆಂಚಿನ ಮೇಲೆ ಕೂರಿಸಿದ ಹೊತ್ತಿದೆಯಲ್ಲ, ಮೆಮೊ ಇಲ್ಲದ ಆ ಹೊತ್ತೇ ಅಪಾಯದ್ದು. ಅದಕ್ಕೇ 2020ರಲ್ಲಿ ಸುಪ್ರೀಂ ಕೋರ್ಟು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಪ್ರತಿ ಠಾಣೆಯಲ್ಲೂ ಧ್ವನಿ ದಾಖಲಿಸೋ ಸಿಸಿಟಿವಿ ಇರಬೇಕು ಅಂದಿದ್ದು. ಮನುಷ್ಯ ಬರೆಯದ ಲಾಗನ್ನ ಯಂತ್ರ ಬರೀಲಿ ಅಂತ.

ಕಳ್ಳತನದ ಕೇಸಿನಲ್ಲೇ ಲಾಠಿ ಯಾಕೆ ಮೊದಲು ಬರುತ್ತೆ? ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನ ಆರೋಪಿಯ ವಿರುದ್ಧ ಸಾಕ್ಷ್ಯ ಮಾಡೋ ಹಾಗಿಲ್ಲ. ಇದು 1872ರಿಂದ ಇರೋ ನಿಯಮ. ಆದ್ರೆ ಕಸ್ಟಡಿಯಲ್ಲಿ ಆಡಿದ ಮಾತಿನಿಂದ ಒಂದು ವಸ್ತು ಸಿಕ್ಕಿದ್ರೆ, ಅದಕ್ಕೆ ಸಂಬಂಧಪಟ್ಟ ಅಷ್ಟು ಮಾತು ನಡೆಯುತ್ತೆ. ‘ಮಾಲು ಸಿಗಬೇಕು’ ಅನ್ನೋ ಒತ್ತಡ ಅಲ್ಲಿಂದ ಬರುತ್ತೆ. ಮೇಲಧಿಕಾರಿ ಕೇಳೋದು ಮಾಲು, ದೂರುದಾರ ಕೇಳೋದೂ ಮಾಲು. ದೂರುದಾರ ಅಂದ್ರೆ ನಾನು.

ಹಾಗಾಗಿ ಭಾವ ಹೇಳೋದು, ‘ಹೊಡೀಬೇಡ’ ಅಂದ್ರೆ ಸಾಲದು, ‘ಬದಲಿಗೆ ಏನು ಮಾಡಲಿ’ ಅಂತ ಹೇಳಿಕೊಡಬೇಕು. ಪ್ರಶ್ನೆ ಕೇಳೋದು ಹೇಗೆ, ಉತ್ತರಗಳನ್ನ ತಾಳೆ ನೋಡೋದು ಹೇಗೆ ಅಂತ. ಇಂಗ್ಲೆಂಡಿನಲ್ಲಿ ತಪ್ಪು ತಪ್ಪೊಪ್ಪಿಗೆಗಳಿಂದ ನಿರಪರಾಧಿಗಳು ವರ್ಷಗಟ್ಟಲೆ ಜೈಲಲ್ಲಿ ಕೊಳೆತ ಪ್ರಕರಣಗಳು ಹೊರಬಂದ ಮೇಲೆ, 1990ರ ದಶಕದಲ್ಲಿ ‘ಪೀಸ್’ ಅನ್ನೋ ವಿಚಾರಣಾ ಪದ್ಧತಿ ತಂದ್ರು. ಒಪ್ಪಿಸೋದು ಅದರ ಗುರಿ ಅಲ್ಲ, ಮಾಹಿತಿ ಪಡೆಯೋದು.

ಈಗ ಮತ್ತೆ ಆ ಠಾಣೆಗೆ ಬರ್ತೀನಿ. ಪಿಎಸ್‌ಐ ಮಾಡಿದ್ದೂ ಅದನ್ನೇ. ಪ್ರಶ್ನೆ ಶುರುವಾಗಿದ್ದು ಹುಡುಗನಿಂದಲ್ಲ, ನನ್ನಿಂದ. ಚೈನು ಕೊನೇ ಸಲ ಕಣ್ಣಾರೆ ನೋಡಿದ್ದು ಯಾವಾಗ? ಪುಣೆಯಲ್ಲೋ ಹುಬ್ಬಳ್ಳಿಯಲ್ಲೋ? ಊರಿಂದ ಬರುವಾಗ ಹಾಕಿಕೊಂಡಿದ್ರಾ? ನನ್ನ ಹತ್ರ ಒಂದಕ್ಕೂ ಗಟ್ಟಿ ಉತ್ತರ ಇರಲಿಲ್ಲ.

ಮರುದಿನ ಹುಡುಗನನ್ನ ಕರೆಸಿದ್ರು, ಅವನ ಅಪ್ಪನ ಜೊತೆ. ಅವನಿಗೆ ಮರಾಠಿ ಸರಿಯಾಗಿ ಬರಲ್ಲ. ನಾನು ‘ಕನ್ನಡ ನಾನು ಹೇಳ್ತೀನಿ’ ಅಂದೆ. “ನೀವು ದೂರುದಾರರು, ನೀವು ಅನುವಾದ ಮಾಡೋ ಹಾಗಿಲ್ಲ” ಅಂದ್ರು. ಸೊಲ್ಲಾಪುರದ ಕಡೆಯ ಒಬ್ಬ ಕಾನ್‌ಸ್ಟೆಬಲ್‌ರನ್ನ ಕರೆದ್ರು, ಅವರಿಗೆ ಕನ್ನಡ ಬರ್ತಿತ್ತು. ಮುಕ್ಕಾಲು ಗಂಟೆ ಮಾತಾಡಿಸಿ, ಬರೆದುಕೊಂಡು, ಮನೆಗೆ ಕಳಿಸಿದ್ರು.

ಆ ಭಾಷೆಯ ವಿಷಯ ಆಗ ನನಗೆ ಸಣ್ಣದು ಅನ್ನಿಸಿತ್ತು. 2025ರ ನವೆಂಬರ್ 6ರಂದು, ಮುಂಬೈಯ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳ್ತು: ಯಾವುದೇ ಅಪರಾಧ ಇರಲಿ, ಬಂಧನದ ಕಾರಣವನ್ನ ಬರಹದಲ್ಲಿ ಕೊಡಬೇಕು, ಬಂಧಿತನಿಗೆ ಅರ್ಥ ಆಗೋ ಭಾಷೆಯಲ್ಲಿ ಕೊಡಬೇಕು. ತಕ್ಷಣ ಆಗದಿದ್ರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸೋಕೆ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೊಡಬೇಕು. ಹೊರರಾಜ್ಯದಲ್ಲಿರೋ ನಮಗೆಲ್ಲ ಇದು ದೊಡ್ಡ ಮಾತು. ನಮಗೆ ಇಂಗ್ಲಿಷ್ ಬರುತ್ತೆ, ಹೇಗೋ ಆಗುತ್ತೆ. ಯಾದಗಿರಿಯ ಹುಡುಗನಿಗೆ ಅದು ಕನ್ನಡದಲ್ಲೇ ಬೇಕು.

ನಿಮಗೆ ಉಪಯೋಗ ಆಗೋ ನಾಲ್ಕು ಮಾತು ಹೇಳಿಬಿಡ್ತೀನಿ. ಪೊಲೀಸರು ಕರೆದ್ರೆ ‘ಇದು ಬಂಧನವೋ, ನೋಟಿಸೋ’ ಅಂತ ಮರ್ಯಾದೆಯಿಂದ ಕೇಳಿ. ನೋಟಿಸಾದ್ರೆ ಕಾಗದದಲ್ಲಿ ತಗೊಳ್ಳಿ. ಹಾಜರಾಗೋಕೆ ಹೇಳೋ ಈ ನೋಟಿಸನ್ನ ವಾಟ್ಸಾಪ್‌ನಲ್ಲಿ ಜಾರಿ ಮಾಡೋ ಹಾಗಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಟ್ಟ ನೋಟಿಸಿಗೆ ಮಾತ್ರ ತಪ್ಪದೆ ಹಾಜರಾಗಿ. ವಿಡಿಯೋ ಕಾಲಿನಲ್ಲಿ ‘ಡಿಜಿಟಲ್ ಅರೆಸ್ಟ್’ ಅನ್ನೋದು ಕಾನೂನಿನಲ್ಲೇ ಇಲ್ಲ, ಫೋನ್ ಇಟ್ಟು 1930ಕ್ಕೆ ಹೇಳಿ. ಕಸ್ಟಡಿಯಲ್ಲಿರೋ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು, ಸಹಾಯವಾಣಿ 15100.

ಐದನೇ ಮಾತು ದೂರುದಾರರಿಗೆ. ಅನುಮಾನವನ್ನ ಅನುಮಾನ ಅಂತಲೇ ಬರೆಸಿ, ಪೊಲೀಸರಿಗೆ ಲಾಠಿ ನೆನಪಿಸಬೇಡಿ.

ಚೈನು ಏನಾಯ್ತು? ಒಂಬತ್ತನೇ ದಿನ ಸಿಕ್ತು. ಊರಿಂದ ತಂದ ರೇಷ್ಮೆ ಸೀರೆಯ ಮಡಿಕೆಯಲ್ಲಿ. ಠಾಣೆಗೆ ಹೋಗಿ ತಿಳಿಸಿದೆ. ಪಿಎಸ್‌ಐ ಹೇಳಿಕೆ ಬರೆದುಕೊಂಡ್ರು, ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ.

ಆದ್ರೆ ನಾನು ಒಂದು ವಿಷಯ ಇನ್ನೂ ಹೇಳಿಲ್ಲ. ಠಾಣೆಗೆ ಹೋಗೋ ಮೊದಲೇ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಆ ಹುಡುಗನ ಫೋಟೋ ಹಾಕಿದ್ದೆ, ‘ಹುಷಾರಾಗಿರಿ’ ಅಂತ. ಚೈನು ಸಿಕ್ಕ ದಿನ ಡಿಲೀಟ್ ಮಾಡೋಕೆ ಹೋದೆ, ಸಮಯ ಮೀರಿತ್ತು. ಕ್ಷಮೆ ಕೇಳಿ ಇನ್ನೊಂದು ಮೆಸೇಜ್ ಹಾಕಿದೆ. ಮೊದಲನೆಯದಕ್ಕೆ ನಲವತ್ತು ಉತ್ತರ ಬಂದಿತ್ತು, ಎರಡನೆಯದಕ್ಕೆ ಮೂರು. ಅಷ್ಟರಲ್ಲಿ ಏಜೆನ್ಸಿಯವರು ಅವನನ್ನ ಕೆಲಸದಿಂದ ತೆಗೆದಿದ್ರು. ಠಾಣೆಯಲ್ಲಿ ಅವನಿಗೆ ಸಿಕ್ಕ ಹಕ್ಕು ನನ್ನ ಗ್ರೂಪಿನಲ್ಲಿ ಸಿಗಲಿಲ್ಲ.

ಹುಡುಕಿಕೊಂಡು ಅವರ ಶೆಡ್ಡಿಗೆ ಹೋದೆ. ಹುಡುಗ “ಇರ್ಲಿ ಬಿಡ್ರಿ ಅಣ್ಣಾರ” ಅಂದ. ಅವನ ಅಪ್ಪ ಮಾತ್ರ ನನ್ನ ಮುಖ ನೋಡಲಿಲ್ಲ. ಇನ್ನೊಂದು ಕಡೆ ಕೆಲಸ ಕೊಡಿಸಿದೆ, ಈಗ ಅಲ್ಲೇ ಇದ್ದಾನೆ. ಅಷ್ಟಕ್ಕೆ ಸರಿಹೋಯ್ತು ಅಂತ ನಾನು ಹೇಳಲ್ಲ.

ಪೊಲೀಸರಿಗೆ ತರಬೇತಿ ಸಾಲದು ಅಂತ ನಾವೆಲ್ಲ ಹೇಳ್ತೀವಿ, ಅದು ನಿಜ ಕೂಡ. ಆದ್ರೆ ಅವತ್ತು ಆ ಟೇಬಲ್ಲಿನ ಎರಡು ಬದಿಯಲ್ಲಿ ಕೂತಿದ್ದವರಲ್ಲಿ ತರಬೇತಿ ಆಗಿದ್ದವರು ಒಬ್ಬರೇ. ಅದು ನಾನಾಗಿರಲಿಲ್ಲ.