ಉಂಡ ಮನೆಯ ಜಂತೆ ಎಣಿಸುವ ಕಸುಬು



ಉಂಡ ಮನೆಯ ಜಂತೆ ಎಣಿಸಬಾರದು ಎಂದು ಹಿರಿಯರು ಹೇಳುತ್ತಿದ್ದರು. ನೆಂಟರ ಮನೆಗೆ ಹೋಗುವವರಿಗೆ ಅದು ಒಳ್ಳೆಯ ಬುದ್ಧಿಮಾತು. ಪತ್ರಕರ್ತರಿಗೆ ಮಾತ್ರ ಜಂತೆ ಎಣಿಸುವುದೇ ಕಸುಬು. ಪುರಸಭೆಯ ಮಾಡಿಗೆ ಗೆದ್ದಲು ಹಿಡಿದಿದೆಯೇ, ಶಾಲೆಯ ರಿಪೇರಿಗೆ ಬಿಲ್ಲಾದ ದುಡ್ಡೆಷ್ಟು, ಆದ ಕೆಲಸವೆಷ್ಟು ಎಂದು ನೋಡಿ ಊರಿಗೆ ಹೇಳಬೇಕಾದವರು ಅವರು. ಹಾಗಾದರೆ ಅವರು ಯಾರ ಮನೆಯಲ್ಲಿ ಉಣ್ಣಬೇಕು? ಈ ಸಂಜೆ ನಾನು ನಿಮ್ಮ ಮುಂದಿಡುವುದು ಇದೊಂದೇ ಪ್ರಶ್ನೆ.

ಯಾವುದಾದರೂ ಸಣ್ಣ ಊರಿನ ಪತ್ರಿಕೆ ತೆರೆದು ನೋಡಿ. ನಾಯಕರ ಹುಟ್ಟುಹಬ್ಬದ ಶುಭಾಶಯ, ಹೊಸ ಬಡಾವಣೆಯ ನಿವೇಶನ, ಖಾಸಗಿ ಕಾಲೇಜಿನ ಪ್ರವೇಶ, ಸರ್ಕಾರದ ಟೆಂಡರ್ ಪ್ರಕಟಣೆ. ಪತ್ರಿಕೆ ಯಾರನ್ನು ಪ್ರಶ್ನಿಸಬೇಕೋ ಅವರೇ ಅದರ ಅನ್ನದಾತರು. ಎಷ್ಟೋ ಕಡೆ ಸುದ್ದಿ ಬರೆಯುವವರೇ ಜಾಹೀರಾತನ್ನೂ ತರಬೇಕು. ಬೆಳಿಗ್ಗೆ ಜಾಹೀರಾತು ಕೇಳಲು ಹೋದ ಬಾಗಿಲಿಗೆ ಸಂಜೆ ಪ್ರಶ್ನೆ ಹಿಡಿದು ಹೋಗುವುದು ಹೇಗೆ? ಆ ವರದಿಗಾರರನ್ನು ದೂರುವ ಮುಂಚೆ ಅವರನ್ನು ಆ ಸ್ಥಿತಿಯಲ್ಲಿ ನಿಲ್ಲಿಸಿದವರಲ್ಲಿ ನಾವೂ ಇದ್ದೇವೆ ಎಂಬುದನ್ನು ಒಪ್ಪಿಕೊಳ್ಳೋಣ.

ಬೇರೆ ದಾರಿ ಇದೆಯೆಂದು ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗಾಂಧೀಜಿಯವರು ‘ನವಜೀವನ’, ‘ಹರಿಜನ’ ಪತ್ರಿಕೆಗಳನ್ನು ಜಾಹೀರಾತಿಲ್ಲದೆ ನಡೆಸಿದರು. 1980ರಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ಆರಂಭಿಸಿದಾಗ ಅದರಲ್ಲೂ ಜಾಹೀರಾತಿಗೆ ಜಾಗವಿರಲಿಲ್ಲ. ಓದುಗರು ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯಿಂದಲೇ ಕಾಗದ, ಮಸಿ, ಸಂಬಳ. ಅಧಿಕಾರದಲ್ಲಿದ್ದವರ ಮುಖಕ್ಕೆ ಹೊಡೆದ ಹಾಗೆ ಬರೆಯುವ ಧೈರ್ಯದ ಹಿಂದೆ ಆ ಚಿಲ್ಲರೆಯ ಬಲವೂ ಇತ್ತು.

ಇಂದು ಆ ಚಿಲ್ಲರೆ ನಿಂತುಹೋಗಿದೆ. ಸುದ್ದಿ ಮೊಬೈಲಿಗೆ ಪುಕ್ಕಟೆ ಬರುತ್ತದೆ ಎಂದುಕೊಂಡಿದ್ದೇವೆ. ಆದರೆ ಅದರ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದಾರೆ, ಅದಕ್ಕೆ ತಕ್ಕ ಸುದ್ದಿಯೇ ನಮಗೆ ತಲುಪುತ್ತಿದೆ. ಆದ್ದರಿಂದಲೇ ಜಗತ್ತಿನ ಹಲವು ಕಡೆ ಜನ ಸುದ್ದಿಗೆ ವಂತಿಗೆ ಎತ್ತುತ್ತಿದ್ದಾರೆ. ತೇರಿಗೆ, ಬಯಲಾಟಕ್ಕೆ, ಊರ ಗುಡಿಯ ಜೀರ್ಣೋದ್ಧಾರಕ್ಕೆ ವಂತಿಗೆ ಹಾಕಿ ಬೆಳೆದ ನಮಗೆ ಇದು ಅಪರಿಚಿತವಾಗಬೇಕಿಲ್ಲ.

ಎರಡು ಪ್ರಯೋಗಗಳನ್ನು ನೋಡೋಣ. 2008ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ಡೇವಿಡ್ ಕಾನ್ ಎಂಬ ಪತ್ರಕರ್ತ ‘ಸ್ಪಾಟ್ ಅಸ್’ ಎಂಬ ಜಾಲತಾಣ ಶುರುಮಾಡಿದರು. ವರದಿಗಾರರು ತಾವು ಬರೆಯಬೇಕೆಂದಿರುವ ವಿಷಯ, ತಗಲುವ ಖರ್ಚು ತಿಳಿಸುತ್ತಿದ್ದರು. ಜನ ಹಣ ಕೂಡಿಸುತ್ತಿದ್ದರು. ಒಂದು ವರದಿಯ ವೆಚ್ಚದಲ್ಲಿ ಒಬ್ಬರು ಶೇ. 20ಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಪೆಸಿಫಿಕ್ ಸಾಗರದಲ್ಲಿ ತೇಲುವ ಕಸದ ಕುರಿತ ವರದಿಗೆ ಹೀಗೆ ಹಣ ಸೇರಿ, 2009ರಲ್ಲಿ ಅದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂತು. 2015ರಲ್ಲಿ ಸ್ಪಾಟ್ ಅಸ್ ಮುಚ್ಚಿತು. ನನಗೆ ಅದರಲ್ಲಿ ಕಾಣುವ ಪಾಠ ಇದು: ಒಂದೊಂದು ವರದಿಗೂ ಬೇರೆ ಬೇರೆ ವಂತಿಗೆ ಎತ್ತಿದರೆ ಕಣ್ಣು ಸೆಳೆಯುವ ವಿಷಯಕ್ಕೆ ದುಡ್ಡು ಹುಟ್ಟುತ್ತದೆ. ಪ್ರತಿ ತಿಂಗಳೂ ಪುರಸಭೆಯ ಸಾಮಾನ್ಯ ಸಭೆಯಲ್ಲಿ ಕೊನೆಯವರೆಗೆ ಕೂತು ಬರುವವರಿಗೆ ಹುಟ್ಟುವುದಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದವರು ಬೇರೆ ಬಗೆಯಲ್ಲಿ ಹೊರಟರು. 2014ರಲ್ಲಿ ಕೆಲವು ಯುವಕರು ಜನರಿಂದ ಸಣ್ಣ ಮೊತ್ತ ಸೇರಿಸಿ ‘ಬ್ರಿಸ್ಟಲ್ ಕೇಬಲ್’ ಪತ್ರಿಕೆ ಕಟ್ಟಿದರು. ನಮ್ಮ ಹಾಲಿನ ಡೇರಿಯಂತೆ ಅದೂ ಸಹಕಾರ ಸಂಘ. ಆರಂಭದಲ್ಲಿ ತಿಂಗಳಿಗೆ ಒಂದು ಪೌಂಡ್ ಕೊಟ್ಟರೂ ಸದಸ್ಯರಾಗಬಹುದಿತ್ತು. ಎಷ್ಟೇ ಕೊಡಲಿ, ಒಬ್ಬರಿಗೆ ಒಂದೇ ಮತ. ನಿರ್ದೇಶಕರನ್ನು ಆರಿಸುವವರು ಸದಸ್ಯರು. ಯಾವ ಬಗೆಯ ಜಾಹೀರಾತು ತಮಗೆ ಸಲ್ಲದು ಎಂಬುದನ್ನೂ ಅವರೇ ಮತ ಹಾಕಿ ತೀರ್ಮಾನಿಸಿದರು. 2016ರಲ್ಲಿ ಈ ಪತ್ರಿಕೆಯವರು ಪೊಲೀಸರ ಖರ್ಚಿನ ಪಟ್ಟಿ, ಸಭಾ ನಡಾವಳಿಗಳನ್ನು ಸಾಲು ಬಿಡದೆ ಓದಿ, ಜನರ ಮೊಬೈಲುಗಳ ಮೇಲೆ ಕಣ್ಣಿಡುವ ಉಪಕರಣಗಳನ್ನು ಬ್ರಿಟನ್ನಿನ ಹಲವು ಪೊಲೀಸ್ ಪಡೆಗಳು ಖರೀದಿಸಿರುವುದನ್ನು ಹೊರಗೆಳೆದರು. ಅಂಥ ಓದಿಗೆ ವಾರಗಟ್ಟಲೆ ಬಿಡುವು ಬೇಕು. ತಿಂಗಳು ತಿಂಗಳು ತಪ್ಪದೆ ಬರುವ ಹಣ ಆ ಬಿಡುವನ್ನು ಕೊಡುತ್ತದೆ.

ವಂತಿಗೆಯ ಹಣಕ್ಕೂ ಅದರದೇ ಅಪಾಯಗಳಿವೆ. ಒಬ್ಬ ಶ್ರೀಮಂತರು ಅರ್ಧ ಖರ್ಚು ಹೊತ್ತರೆ ಅವರೇ ಹೊಸ ಜಾಹೀರಾತುದಾರರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬರ ತಲೆಹೊರೆಯಾಗುವುದೇ ಸರಿಯಾದ ಲೆಕ್ಕ; ಯಾರೊಬ್ಬರು ಮುನಿಸಿಕೊಂಡು ಹೋದರೂ ಹೊರೆ ಬಿಚ್ಚಿಕೊಳ್ಳಬಾರದು. ಇದಕ್ಕಿಂತ ಸೂಕ್ಷ್ಮವಾದ ಅಪಾಯ ನಮ್ಮೊಳಗಿನದು. ನಮ್ಮ ಪಕ್ಷ, ನಮ್ಮ ಜಾತಿ, ನಮ್ಮ ಮಠದ ಬಗ್ಗೆ ಕಹಿ ವರದಿ ಬಂದ ತಿಂಗಳು ವಂತಿಗೆ ನಿಲ್ಲಿಸಿದರೆ, ನಾವೂ ಸುದ್ದಿಯನ್ನು ಕೊಂಡವರಾಗುತ್ತೇವೆಯೇ ಹೊರತು ಕಾಪಾಡಿದವರಾಗುವುದಿಲ್ಲ.

ನಮ್ಮ ಕಾನೂನನ್ನೂ ತಿಳಿದಿರಬೇಕು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಸುದ್ದಿ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಹೊರದೇಶದಲ್ಲಿದ್ದರೂ ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಹಣ ಆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದು ಬರುತ್ತದೆ. ದುಬೈ, ಸಿಂಗಪುರಗಳಲ್ಲಿರುವ ನಮ್ಮ ಮಕ್ಕಳು ಊರಿನ ಪತ್ರಿಕೆಗೆ ನೆರವಾಗಬಯಸಿದರೆ ಈ ವ್ಯತ್ಯಾಸ ಗೊತ್ತಿರಲಿ.

ಕೊನೆಯದಾಗಿ ನನ್ನ ಬೇಡಿಕೆ. ನಿಮ್ಮ ತಾಲ್ಲೂಕಿನಲ್ಲಿ ನಿಷ್ಠೆಯಿಂದ ಕೆಲಸ ಮಾಡುವ ಒಂದು ಪತ್ರಿಕೆಯನ್ನೋ ಜಾಲತಾಣವನ್ನೋ ಹುಡುಕಿ. ತಿಂಗಳಿಗೆ ನಿಮ್ಮ ಕೈಲಾದಷ್ಟು ಕೊಡಿ, ವರ್ಷಕ್ಕೊಮ್ಮೆ ಲೆಕ್ಕಪತ್ರ ಕೇಳಿ. ನಿಮಗೆ ಹಿಡಿಸದ ವರದಿ ಬಂದ ತಿಂಗಳೂ ತಪ್ಪದೆ ಕೊಡಿ. ಊರಿನ ಎಲ್ಲ ಮನೆಗಳಲ್ಲೂ ಒಂದೊಂದು ತುತ್ತು ಉಂಡವರು ಯಾವ ಮನೆಯ ಜಂತೆಯನ್ನಾದರೂ ಎಣಿಸಬಲ್ಲರು. ಆ ತುತ್ತು ನಮ್ಮ ಮನೆಯಿಂದಲೂ ಹೋಗಲಿ.